ಉತಾರದಾಗ ಹೆಸರಿಲ್ಲದ ರೈತರು



ಮೊನ್ನೆ ಹುನಗುಂದ ತಾಲೂಕಿನ ಒಂದು ಹಳ್ಯಾಗ ಕಟ್ಟಿ ಮ್ಯಾಲೆ ಕುಂತಿದ್ದೆ. ಊರಿನ ಹಿರಿಯರೊಬ್ಬರ ಮೊಬೈಲಿಗೆ ಮೆಸೇಜ್ ಬಂತು. ಪಿಎಂ ಕಿಸಾನ್, 2000 ರೂಪಾಯಿ ಜಮಾ. ಅವರ ಹೊಲದಾಗ ನಲವತ್ತು ವರ್ಷ ಜೋಳ ಕೊಯ್ದ ನಮ್ಮ ದೊಡ್ಡವ್ವ ಅಲ್ಲೇ ನಿಂತಿದ್ಲು. "ನಮಗ ಯಾವಾಗ ಬರ್ತೈತಿ ತಮ್ಮಾ?" ಅಂದ್ಲು. "ಬರಂಗಿಲ್ಲ ಯವ್ವಾ, ನಿನ್ನ ಹೆಸರಿಲೆ ಉತಾರ ಇಲ್ಲ" ಅಂದೆ. "ಹಂಗಾರ ನಾ ಇಷ್ಟು ವರ್ಷ ಮಾಡಿದ್ದು ಕಮತ ಅಲ್ಲೇನು?"

ಈ ಪ್ರಶ್ನೆ ಹೊಸದಲ್ಲ. 1876-78ರ ಬರ ಬಿದ್ದಾಗ ನಮ್ಮ ಭಾಗ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆ. ಮುಂದಿನ ಜನಗಣತಿ ಹೊತ್ತಿಗೆ ಜಿಲ್ಲೆಯ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾಗಿದ್ದರು. ಆಮೇಲೆ ಸರ್ಕಾರ 1883 ಮತ್ತು 1884ರಲ್ಲಿ ಎರಡು ಕಾಯ್ದೆ ತಂದು ತಗಾವಿ ಸಾಲ ಕೊಟ್ಟಿತು. ಬಾವಿಗೆ, ಒಡ್ಡಿಗೆ, ಬೀಜಕ್ಕೆ, ಎತ್ತಿಗೆ. ಹೊಲ ಇದ್ದವನಿಗೆ ತಗಾವಿ. ಇಲ್ಲದವನಿಗೆ ಬರಗಾಲದ ಕಾಮಗಾರಿ, ಕಲ್ಲು ಒಡಿಯೋದು.

ನಮ್ಮವರಿಗೆ ಹೊಲವೇ ಇರಲಿಲ್ಲ ಅನ್ನೋದು ಅರ್ಧ ಸುಳ್ಳು. ಊರ ಚಾಕರಿಗೆ ಅಂತ ವತನದ ಹೊಲ ಇತ್ತು. ಟಪಾಲು ಒಯ್ಯಬೇಕು, ಗಡಿ ತೋರಿಸಬೇಕು, ಕರೆದಾಗ ಓಡಬೇಕು, ಹಗಲು ರಾತ್ರಿ ಅನ್ನಂಗಿಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ವತನ ಕಾಯ್ದೆ ತಿದ್ದಲು ಮಸೂದೆ ಮಂಡಿಸಿದ್ರು. ಚಾಕರಿ ಹೋಗಲಿ, ಹೊಲ ಉಳೀಲಿ ಅನ್ನೋದು ಅದರ ಸಾರ. ಮರುವರ್ಷ ಅದನ್ನ ವಾಪಸ್ ತಗೋಬೇಕಾಯ್ತು. ಆಗ ಬಿಜಾಪುರ ಜಿಲ್ಲೆಯೂ ಅದೇ ಕಾಯ್ದೆಯ ಕೆಳಗಿತ್ತು, ಅಂದ್ರೆ ಅವರು ಮಾತಾಡಿದ್ದು ನಮ್ಮಜ್ಜಂದಿರ ಬಗ್ಗೇನೂ ಹೌದು.

ನಮ್ಮಲ್ಲಿ ಚಾಕರಿ ರದ್ದಾಗಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ, ಅದು ಜಾರಿಯಾಗಿದ್ದು 1963ರ ಫೆಬ್ರುವರಿ 1ಕ್ಕೆ. ಹೊಲ ಮೊದಲು ಸರ್ಕಾರಕ್ಕೆ. ಆಮೇಲೆ ಹಣ ತುಂಬಿದವರಿಗೆ ಮರುಮಂಜೂರಾತಿ. ನಮ್ಮಜ್ಜನ ಮೂರು ಎಕರೆ ಎರೆ ಹೊಲ ಅಷ್ಟೊತ್ತಿಗೆ ಮದುವಿ ಸಾಲಕ್ಕ ಬೇರೆಯವರ ಕೈಯಾಗಿತ್ತು. ಹಣ ಎಲ್ಲಿಂದ ತುಂಬ್ತಾನ? ಪರಭಾರೆಗೆ 15 ವರ್ಷದ ತಡೆ ಬಂದಿದ್ದು 1978ರಲ್ಲಿ.

ಇಲ್ಲೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ಪಿಟಿಸಿಎಲ್ ಕಾಯ್ದೆ, ಅಂದ್ರೆ ನಮಗೆ ಮಂಜೂರಾದ ಜಮೀನು ಮಾರಾಟವಾಗಿದ್ರೆ ವಾಪಸ್ ಕೊಡಿಸೋ 1978ರ ಕಾಯ್ದೆ, 'ಮಂಜೂರಾದ ಜಮೀನು' ಅನ್ನೋ ವ್ಯಾಖ್ಯೆಯಲ್ಲೇ ವಂಶಪಾರಂಪರ್ಯ ಹುದ್ದೆಯ ಹೊಲಗಳನ್ನ ಹೊರಗಿಟ್ಟೈತಿ. ನಮ್ಮ ಹೋರಾಟದ ದೊಡ್ಡ ಗೆಲುವಿನೊಳಗೇ ಈ ತೂತು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಮಾಡ್ತು, ಒಳ್ಳೇದು. ವತನದ ತೂತು ಮುಚ್ಚಲಿಲ್ಲ.

ಈಗ ಪಿಎಂ ಕಿಸಾನ್‌ಗೆ ಬರ್ರಿ. ವರ್ಷಕ್ಕೆ 6000, ಮೂರು ಕಂತು. 2019ರ ಫೆಬ್ರುವರಿ 1ಕ್ಕೆ ದಾಖಲೆಯಲ್ಲಿ ಹೆಸರಿರಬೇಕು. ಆಮೇಲೆ ಕೊಂಡ ಹೊಲಕ್ಕೆ ಐದು ವರ್ಷ ಹಣ ಇಲ್ಲ, ವಾರಸಾದಿಂದ ಬಂದ ಹೊಲಕ್ಕೆ ಮಾತ್ರ ವಿನಾಯಿತಿ ಅಂತ ನಿಯಮ ಬರೆದ್ರು. ಭೂ ಒಡೆತನ ಯೋಜನೆಯಲ್ಲಿ 2020ಕ್ಕೆ ಎಕರೆ ಹೊಲ ಸಿಕ್ಕ ಕೂಲಿ ಹೆಣ್ಣುಮಗಳು ಹೊರಗೆ, ಅಪ್ಪನ ಇಪ್ಪತ್ತು ಎಕರೆಗೆ ವಾರಸುದಾರನಾದವ ಒಳಗೆ. ಬಿತ್ತನೆ ಬೀಜಕ್ಕೆ ನಮಗ ಶೇ 75 ರಿಯಾಯಿತಿ, ಕೃಷಿ ಹೊಂಡಕ್ಕೆ ಶೇ 90 ಅಂತ ಬೋರ್ಡ್ ಹಾಕ್ತಾರ. ಮೊದಲು ಕೇಳೋದು ಪಹಣಿ. ದೇಶದಾಗ ನಾವು ಶೇ 16ಕ್ಕೂ ಹೆಚ್ಚು, 2015-16ರ ಕೃಷಿ ಗಣತಿಯಲ್ಲಿ ನಮ್ಮ ಕೈಲಿದ್ದ ಜಮೀನು ಶೇ 9ಕ್ಕಿಂತ ಕಡಿಮೆ.

ಆಗಂಗಿಲ್ಲ ಅಂತೇನಿಲ್ಲ. ಒಡಿಶಾ ತನ್ನ ಕಾಲಿಯಾ ಯೋಜನೆಯಲ್ಲಿ ಭೂಹೀನ ಕುಟುಂಬಕ್ಕೂ ಕುರಿ, ಕೋಳಿ ಸಾಕಲು 12,500 ಕೊಟ್ಟಿತು. ಆಂಧ್ರ 2019ರಲ್ಲಿ ದಲಿತ ಗೇಣಿದಾರರನ್ನೂ ರೈತ ಭರೋಸಾದಲ್ಲಿ ಸೇರಿಸ್ತು. ನಮ್ಮಲ್ಲಿ ಬದಾಮಿ, ಹುನಗುಂದದ ಮಂದಿ ಮಂಗಳೂರು, ಗೋವಾಕ್ಕೆ ದುಡಿಯಾಕ ಹೊಂಟಾರ, ಇಳಕಲ್ಲಿನವರು ಗ್ರಾನೈಟ್ ಕ್ವಾರಿಗೆ.

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ ಕಡೆಯ ಗೆಳೆಯರೇ, ನಿಮ್ಮ ಮನ್ಯಾಗ ಟ್ರಂಕಿನ ತಳದಾಗ ಅಜ್ಜನ ವತನದ ಕಾಗದ, 63ರ ನಂತರದ ಮರುಮಂಜೂರಾತಿ ಆದೇಶ, ಹಣ ತುಂಬಿದ ಚಲನ್ ಏನೇ ಇರ್ಲಿ, ಫೋಟೋ ಹೊಡದು ಇನ್‌ಬಾಕ್ಸಿಗೆ ಕಳಸ್ರಿ. ಸರ್ವೆ ನಂಬರ್ ಕಾಣೋ ಹಂಗ ಹೊಡೀರಿ. ಮೂಲ ಕಾಗದ ಯಾರ ಕೈಗೂ ಕೊಡಬ್ಯಾಡ್ರಿ, ನನಗೂ ಸೈತ.