ಉಸಿರಿಗೊಂದು ಊರುಗೋಲು

ಕೋವಿಡ್ ದಿನಗಳಲ್ಲಿ ‘ವೆಂಟಿಲೇಟರ್’ ಎಂಬ ಪದವನ್ನು ನಾವೆಲ್ಲರೂ ಅಂಜಿಕೆಯಿಂದಲೇ ಉಚ್ಚರಿಸುತ್ತಿದ್ದೆವು. ಗಂಟಲಿಗೆ ಕೊಳವೆ ಇಳಿಸದೆ, ಮುಖವಾಡದ ಮೂಲಕವೇ ಉಸಿರಾಟಕ್ಕೆ ಆಸರೆ ಕೊಡುವ ಇನ್ನೊಂದು ದಾರಿ ಅದೇ ವಾರ್ಡುಗಳಲ್ಲಿತ್ತು. ಅದು ಈ ಕಾಲದ ಶೋಧವೆಂದು ನಾವು ತಿಳಿದಿದ್ದರೆ, ಚರಿತ್ರೆ ನಮ್ಮನ್ನು ತಿದ್ದುತ್ತದೆ.

1928ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ಪೋಲಿಯೋದಿಂದ ಉಸಿರು ಕುಂದಿದ್ದ ಬಾಲಕಿಯೊಬ್ಬಳನ್ನು ಫಿಲಿಪ್ ಡ್ರಿಂಕರ್ ರೂಪಿಸಿದ್ದ ‘ಕಬ್ಬಿಣದ ಶ್ವಾಸಕೋಶ’ದಲ್ಲಿ ಮಲಗಿಸಲಾಯಿತು. ತಲೆಯೊಂದು ಹೊರಗೆ, ಉಳಿದ ದೇಹ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಗಾಳಿಯನ್ನು ಹೊರಗೆಳೆದಾಗ ಎದೆ ಹಿಗ್ಗಿ ಉಸಿರು ಒಳಸೇರುತ್ತಿತ್ತು. 1936ರಲ್ಲಿ ಲಂಡನ್ನಿನ ಪೋಲ್ಟನ್ ಎಂಬ ವೈದ್ಯರು, ಹೃದಯದ ದೌರ್ಬಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿಯನ್ನೇ ಮುಖವಾಡದ ಮೂಲಕ ಒತ್ತಡದಿಂದ ಕೊಟ್ಟು ನೋಡಿದರು.

ಈ ದಾರಿಯನ್ನು ಮಸುಕಾಗಿಸಿದ್ದು 1952ರ ಕೋಪನ್‌ಹೇಗನ್. ಪೋಲಿಯೋ ಹಾವಳಿಯ ನಡುವೆ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಶ್ವಾಸನಾಳ ಕೊರೆದು ಕೊಳವೆಯಿಟ್ಟು ಚೀಲವನ್ನು ಕೈಯಿಂದ ಒತ್ತುವ ಕ್ರಮವನ್ನು ತಂದರು. ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಹಗಲಿರುಳು ಚೀಲ ಒತ್ತಿದರು. ಸಾವು ಗಣನೀಯವಾಗಿ ಇಳಿಯಿತು. ತೀವ್ರ ನಿಗಾ ಘಟಕದ ಕಲ್ಪನೆ ಅಲ್ಲಿಂದ ಬೆಳೆಯಿತು, ಕೊಳವೆಯ ಯುಗವೂ ಆರಂಭವಾಯಿತು. ಆದರೆ ಕೊಳವೆಗೆ ಬೆಲೆಯಿದೆ: ಮಾತು ನಿಲ್ಲುತ್ತದೆ, ಮಂಪರಿನ ಔಷಧಿ ಬೇಕಾಗುತ್ತದೆ, ಹೊಸ ಸೋಂಕಿಗೆ ಬಾಗಿಲು ತೆರೆಯುತ್ತದೆ.

1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮುಖವಾಡದ ಮೂಲಕ ನಿರಂತರ ಒತ್ತಡ ಕೊಟ್ಟರು. 1995ರಲ್ಲಿ ಪ್ರಕಟವಾದ ಬ್ರೋಶಾರ್ ತಂಡದ ಅಧ್ಯಯನವು, ದೀರ್ಘಕಾಲದ ಶ್ವಾಸನಾಳ ರೋಗ ಉಲ್ಬಣಿಸಿದವರಲ್ಲಿ ಮುಖವಾಡವು ಕೊಳವೆಯ ಅಗತ್ಯವನ್ನೂ ಸಾವನ್ನೂ ತಗ್ಗಿಸುವುದನ್ನು ತೋರಿಸಿತು.

ವೈರಾಣು ನ್ಯುಮೋನಿಯಾದ ಕಥೆ ಬೇರೆ. ಅಲ್ಲಿ ದಣಿದ ಸ್ನಾಯುವಿಗಿಂತ ಉರಿಯೂತದಿಂದ ದ್ರವ ತುಂಬಿದ ಗಾಳಿಗೂಡುಗಳೇ ಮುಖ್ಯ ತೊಡಕು. ಜೊತೆಗೆ, ಮುಖವಾಡದಿಂದ ಸೋರುವ ಗಾಳಿ ಸೋಂಕನ್ನು ಹರಡೀತೆಂಬ ಭಯ 2003ರ ಸಾರ್ಸ್ ಕಾಲದಿಂದಲೂ ಇತ್ತು. 2020ರಲ್ಲಿ ಹಾಸಿಗೆಗಳು ಸಾಲದಾದ ಇಟಲಿಯ ಲೊಂಬಾರ್ಡಿಯಲ್ಲಿ, ತಲೆಯನ್ನೇ ಆವರಿಸುವ ಪಾರದರ್ಶಕ ಹೆಲ್ಮೆಟ್‌ಗಳು ವಾರ್ಡುಗಳನ್ನು ತುಂಬಿದವು. ಬ್ರಿಟನ್ನಿನಲ್ಲಿ 1,273 ಕೋವಿಡ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 30 ದಿನಗಳೊಳಗೆ ಕೊಳವೆ ಬೇಕಾದವರು ಅಥವಾ ತೀರಿಕೊಂಡವರು ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ ಸುಮಾರು 44. ನಿರಂತರ ಒತ್ತಡ ಪಡೆದವರಲ್ಲಿ ಸುಮಾರು 36. ಈ ಲಾಭ ಮುಖ್ಯವಾಗಿ ಕೊಳವೆ ತಪ್ಪಿದ್ದರಿಂದ ಬಂದದ್ದು. ಸಾವು ಸ್ಪಷ್ಟವಾಗಿ ಇಳಿಯಿತೆನ್ನಲಾಗದು. ಮೂಗಿನಿಂದ ಕೊಡುವ ಅಧಿಕ ಹರಿವಿನ ಆಮ್ಲಜನಕಕ್ಕೆ ಅಂಥ ಮೇಲುಗೈ ಕಾಣಲಿಲ್ಲ. ಆ ಸಾಧನಕ್ಕೆ ನಿಮಿಷಕ್ಕೆ 60 ಲೀಟರಿನವರೆಗೂ ಹರಿವು ಬೇಕಾಗಬಹುದು. ಅದರ ಅರ್ಥವೇನೆಂಬುದನ್ನು 2021ರ ಏಪ್ರಿಲ್‌ನಲ್ಲಿ ಆಮ್ಲಜನಕಕ್ಕಾಗಿ ಪರದಾಡಿದ ದೆಹಲಿ ಬಲ್ಲದು.

ಮುಖವಾಡವನ್ನು ನಾವು ಕೊಳವೆಯ ಶತ್ರುವೆಂದು ಕಾಣಬೇಕಿಲ್ಲ. ಅದು ಸೋಲುತ್ತಿರುವುದನ್ನು ಸಕಾಲದಲ್ಲಿ ಗುರುತಿಸದೆ ಕೊಳವೆ ತಡವಾದರೆ ರೋಗಿಗೆ ಅಪಾಯ ಹೆಚ್ಚು. ಆದ್ದರಿಂದ ಏರುವ ಉಸಿರಿನ ವೇಗವನ್ನೂ ಇಳಿಯುವ ಆಮ್ಲಜನಕವನ್ನೂ ಗಮನಿಸುವವರು ಪಕ್ಕದಲ್ಲಿರಬೇಕು. 1952ರಲ್ಲಿ ಹಾಸಿಗೆಯ ಬಳಿ ಕುಳಿತಿದ್ದ ಆ ವಿದ್ಯಾರ್ಥಿಗಳ ಕೆಲಸ ಇಂದಿಗೂ ಮುಗಿದಿಲ್ಲ.