ಬನಶಂಕರಿಯ ಕ್ಯಾಮೆರಾ, ಜೆ.ಪಿ. ನಗರದ ರೇಷ್ಮೆ

ಮೊಬೈಲ್ ಫೋನಿನ ನೆರವಿನಿಂದ ಕಡಿಮೆ ಖರ್ಚಿನಲ್ಲಿ ರೋಗ ಪತ್ತೆ ಮಾಡುವ ಪದ್ಧತಿಯು ಕರ್ನಾಟಕದಲ್ಲಿ ಬೆಳೆದುಬಂದ ಬಗೆಯನ್ನು ಅರಿಯಲು ಫೋನಿಗಿಂತ ಮೊದಲು ನೋಡಬೇಕಾದದ್ದು ಕೆಲಸವನ್ನು ಹಂಚಿಕೊಂಡ ರೀತಿಯನ್ನು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಆರಂಭಿಸಿದ ‘ಕಿಡ್‌ರಾಪ್’ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ, ಎಂದರೆ ಕಣ್ಣಿನ ಹಿಂಬದಿಯಲ್ಲಿದ್ದು ಬೆಳಕನ್ನು ಗ್ರಹಿಸುವ ಪದರದಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕುರುಡುತನ ತರುವ ಕಾಯಿಲೆಯನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಗುರುತಿಸಬೇಕು. ಆದರೆ ಅದನ್ನು ಬಲ್ಲ ತಜ್ಞರು ಜಿಲ್ಲೆಗಳಲ್ಲಿ ವಿರಳ. ಆದ್ದರಿಂದ ಊರೂರಿನ ಶಿಶು ಚಿಕಿತ್ಸಾ ಘಟಕಗಳಿಗೆ ತರಬೇತಿ ಪಡೆದ ತಂತ್ರಜ್ಞರೇ ಹೋಗಿ ಚಿತ್ರ ತೆಗೆಯುವ, ಬೆಂಗಳೂರಿನ ವೈದ್ಯರು ಅದನ್ನು ಫೋನಿನ ಪರದೆಯಲ್ಲಿಯೇ ನೋಡಿ ವರದಿ ಕೊಡುವ ಏರ್ಪಾಡಾಯಿತು. ಫೋನು ಕೈಗೆಟುಕುತ್ತಿತ್ತು, ವಿದೇಶಿ ಕ್ಯಾಮೆರಾ ಮಾತ್ರ ಬಹಳ ದುಬಾರಿಯಾಗಿತ್ತು.

ಈ ಕೊರತೆಗೆ ಉತ್ತರ ಬಂದದ್ದು ದಕ್ಷಿಣ ಬೆಂಗಳೂರಿನಿಂದ. ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ ರಾವ್ 2010ರಲ್ಲಿ ಸ್ಥಾಪಿಸಿದ, ಬನಶಂಕರಿ ಎರಡನೇ ಹಂತದಲ್ಲಿ ಕೆಲಸ ಮಾಡಿದ ಫೋರಸ್ ಹೆಲ್ತ್ ಸಂಸ್ಥೆಯು ‘ತ್ರಿನೇತ್ರ’ ಎಂಬ, ಹೊತ್ತೊಯ್ಯಬಹುದಾದ ಕಣ್ಣಿನ ಕ್ಯಾಮೆರಾವನ್ನು ರೂಪಿಸಿತು; ಮುಂದೆ ಶಿಶುಗಳಿಗೆಂದೇ ತಯಾರಾದ ಅದರ ‘ನಿಯೋ’ ಮಾದರಿಯ ಸುರಕ್ಷತೆಯನ್ನು ಕುರಿತ ವರದಿ 2019ರಲ್ಲಿ ಪ್ರಕಟವಾಯಿತು.

ಕಡಿಮೆ ಖರ್ಚಿನ ರೋಗಪತ್ತೆಗೆ ಬೆಂಗಳೂರಿನದೇ ಆದ ಜೆ.ಪಿ. ನಗರದ ಅಚಿರಾ ಲ್ಯಾಬ್ಸ್ ಹಿಡಿದ ದಾರಿ ಇನ್ನೂ ಸ್ವಂತಿಕೆಯುಳ್ಳದ್ದು. ಧನಂಜಯ ದೆಂದುಕೂರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ರೇಷ್ಮೆ ನೂಲನ್ನು ಪರೀಕ್ಷೆಗೆ ಬೇಕಾದ ರಾಸಾಯನಿಕ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಕೈಮಗ್ಗದಲ್ಲಿ ನೇಯ್ದರೆ ಬಟ್ಟೆಯೇ ರೋಗಪತ್ತೆಯ ಪಟ್ಟಿಯಾಗುತ್ತದೆ. ದ್ರವವನ್ನು ಹೀರುವ ಎಳೆಗಳನ್ನೂ ಹೀರದ ಎಳೆಗಳನ್ನೂ ಜೊತೆಗೂಡಿಸಿ ನೇಯುವುದರಿಂದ, ದ್ರವದ ಹನಿ ಪಂಪಿನ ಹಂಗಿಲ್ಲದೆ ಗೊತ್ತುಮಾಡಿದ ದಾರಿಯಲ್ಲೇ ಹರಿಯುತ್ತದೆ. ಹೊಸ ಕಾರ್ಖಾನೆ ಕಟ್ಟುವ ಬದಲು ಇರುವ ಮಗ್ಗಗಳಲ್ಲೇ ಇಂಥ ಪಟ್ಟಿಗಳನ್ನು ಹೇರಳವಾಗಿ ತಯಾರಿಸಬಹುದೆಂಬುದು ಅವರ ಲೆಕ್ಕಾಚಾರವಾಗಿತ್ತು. ರೇಷ್ಮೆ ಬೆಳೆದು ನೇಯ್ದು ಬದುಕಿದ ನಾಡಿನಲ್ಲಿ ಈ ಆಲೋಚನೆ ಹುಟ್ಟಿದ್ದು ಅತ್ಯಂತ ಸಹಜ, ಅಷ್ಟೇ ಹೆಮ್ಮೆಯ ಸಂಗತಿ ಕೂಡ.

ಇಂಥ ಪರೀಕ್ಷೆಗಳ ಚರಿತ್ರೆಯನ್ನು ಇಂದಿಗೂ ಕಂಪನಿಗಳ ಚರಿತ್ರೆಯಾಗಿಯೇ ಬರೆಯಲಾಗುತ್ತಿದೆ. ತೊಟ್ಟಿಲ ಕೂಸಿನ ಕಣ್ಣಿಗೆ ಕ್ಯಾಮೆರಾ ಹಿಡಿದ ತಂತ್ರಜ್ಞರ ಮತ್ತು ಮಗ್ಗದ ವಿದ್ಯೆಯನ್ನು ಉಳಿಸಿಕೊಂಡು ಬಂದ ನೇಕಾರರ ಪಾಲನ್ನೂ ಅದರಲ್ಲಿ ದಾಖಲಿಸಬೇಕು.