ಖಾಲಿ ಆಸನದ ಚರಿತ್ರೆ

ಐವರು ಕೂರಬಹುದಾದ ಕಾರಿನಲ್ಲಿ ಒಬ್ಬರೇ ಸಂಚರಿಸುವುದು ವ್ಯರ್ಥವೆಂಬ ಅರಿವು ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಪೆಟ್ರೋಲು, ಟೈರುಗಳಿಗೆ ಪಡಿತರ ಜಾರಿಯಲ್ಲಿತ್ತು. ಒಂಟಿಯಾಗಿ ಕಾರು ಓಡಿಸುವವನ ಪಕ್ಕದಲ್ಲಿ ಹಿಟ್ಲರನೇ ಕುಳಿತಿರುವಂತೆ ಚಿತ್ರಿಸಿದ ಭಿತ್ತಿಪತ್ರವನ್ನು 1943ರಲ್ಲಿ ಅಲ್ಲಿನ ಸರಕಾರ ಹೊರಡಿಸಿತು. 1973ರ ತೈಲ ಬಿಕ್ಕಟ್ಟು ಮತ್ತೊಮ್ಮೆ ಜನರನ್ನು ಒಂದೇ ಕಾರಿಗೆ ಕೂಡಿಸಿತು. 1980ರಲ್ಲಿ ಆ ದೇಶದ ನೌಕರರಲ್ಲಿ ಸುಮಾರು ಶೇ. 20 ಮಂದಿ ಹೀಗೆ ಜೊತೆಗೂಡಿ ಕೆಲಸಕ್ಕೆ ಹೋಗುತ್ತಿದ್ದರು. 2010ರ ವೇಳೆಗೆ ಆ ಪ್ರಮಾಣ ಅರ್ಧಕ್ಕಿಳಿದಿತ್ತು. ಒತ್ತಡ ಸಡಿಲವಾದೊಡನೆ ಅಭ್ಯಾಸವೂ ಸಡಿಲವಾಯಿತು.

ಅಡ್ಡಿಗಳು ಮುಖ್ಯವಾಗಿ ಎರಡು. ನನ್ನ ದಾರಿಯಲ್ಲಿಯೇ, ನನ್ನ ಹೊತ್ತಿಗೇ ಹೋಗುವವರು ಯಾರೆಂದು ತಿಳಿಯುವ ಉಪಾಯವಿರಲಿಲ್ಲ. ತಿಳಿದರೂ ಅಪರಿಚಿತರನ್ನು ನಂಬುವುದು ಹೇಗೆ?

2003ರ ಕ್ರಿಸ್‌ಮಸ್‌ಗೆ ಊರಿಗೆ ಹೊರಟ ಫ್ರಾನ್ಸಿನ ಫ್ರೆಡರಿಕ್ ಮಝೆಲ್ಲಾ ಅವರಿಗೆ ರೈಲಿನಲ್ಲಿ ಸ್ಥಳ ದೊರೆಯಲಿಲ್ಲ. ಸಹೋದರಿಯ ಕಾರಿನಲ್ಲಿ ಹೋಗುವಾಗ ಹೆದ್ದಾರಿಯಲ್ಲಿ ಅವರು ಕಂಡದ್ದು ಒಬ್ಬೊಬ್ಬರೇ ಇದ್ದ ಕಾರುಗಳನ್ನು. 2006ರಲ್ಲಿ ಅವರು ಆರಂಭಿಸಿದ ಸಂಸ್ಥೆ ಮುಂದೆ 'ಬ್ಲಾಬ್ಲಾಕಾರ್' ಎಂದು ಹೆಸರಾಗಿ, 2015ರಲ್ಲಿ ಭಾರತಕ್ಕೂ ಬಂದಿತು. ಮಿತಭಾಷಿಗೆ ಒಂದು 'ಬ್ಲಾ', ವಾಚಾಳಿಗೆ ಮೂರು, ಹೆಸರಿನ ಮೂಲವಿದು. ಹಿಂದಿನ ಸಹಪ್ರಯಾಣಿಕರು ಬರೆದ ಅಭಿಪ್ರಾಯಗಳು ಅಪರಿಚಿತನಿಗೆ ಜಾಮೀನಾದವು. ಚಾಲಕನು ಪಡೆಯುವುದು ಖರ್ಚಿನ ಪಾಲನ್ನು ಮಾತ್ರ, ಲಾಭವನ್ನಲ್ಲ.

ಅಮೆರಿಕದಲ್ಲಿ ಕಥೆ ಬೇರೆ ತಿರುವು ಪಡೆಯಿತು. ಜಿಂಬಾಬ್ವೆಯಲ್ಲಿ ಜನರು ಒಂದೇ ವಾಹನದಲ್ಲಿ ಕೂಡಿ ಪ್ರಯಾಣಿಸುವುದನ್ನು ಕಂಡಿದ್ದ ಲೋಗನ್ ಗ್ರೀನ್ 2007ರಲ್ಲಿ 'ಜಿಮ್‌ರೈಡ್' ಆರಂಭಿಸಿದರು. 2012ರಲ್ಲಿ ಅದೇ ಸಂಸ್ಥೆ 'ಲಿಫ್ಟ್' ಎಂಬ ಮೊಬೈಲ್ ಸೇವೆಯನ್ನು ತಂದಿತು. ಇರುವ ಸ್ಥಳ, ಹೊರಡುವ ಹೊತ್ತು, ಕೊಡಬೇಕಾದ ಹಣ ಎಲ್ಲವನ್ನೂ ಅಂಗೈಯಲ್ಲಿನ ಫೋನೇ ನೋಡಿಕೊಂಡಿತು. ಆದರೆ ಇಲ್ಲಿ ಚಾಲಕನು ತನ್ನ ದಾರಿ ಹಿಡಿದವನಲ್ಲ, ಪ್ರಯಾಣಿಕನು ಕರೆದಲ್ಲಿಗೆ ಬರುವವನು. ಹಂಚಿಕೆ ಬಾಡಿಗೆಯಾಯಿತು, ಬಾಡಿಗೆಯಾದದ್ದರಿಂದಲೇ ಅಷ್ಟು ಬೇಗ ಹರಡಿತು.

ಈ ಗೆರೆ ನಮ್ಮ ರಾಜ್ಯದಲ್ಲಿಯೂ ವಿವಾದವಾಯಿತು. 2017ರಲ್ಲಿ ಕರ್ನಾಟಕದ ಸಾರಿಗೆ ಇಲಾಖೆ ಓಲಾ, ಊಬರ್ ಟ್ಯಾಕ್ಸಿಗಳ ಹಂಚಿಕೆ ಪ್ರಯಾಣವನ್ನು ಆಕ್ಷೇಪಿಸಿತು. ಬಸ್ಸಿನಂತೆ ದಾರಿಯಲ್ಲಿ ಬೇರೆ ಬೇರೆ ಪ್ರಯಾಣಿಕರನ್ನು ಹತ್ತಿಸಿ ಇಳಿಸಲು ಟ್ಯಾಕ್ಸಿಯ ಪರವಾನಗಿಯಲ್ಲಿ ಅವಕಾಶವಿಲ್ಲವೆಂಬುದು ಅದರ ವಾದ. 2020ರ ಕೇಂದ್ರ ಮಾರ್ಗಸೂಚಿ ಸ್ವಂತ ಕಾರುಗಳ ಹಂಚಿಕೆಗೆ ಸಮ್ಮತಿಸುತ್ತ, ನಗರದೊಳಗೆ ದಿನಕ್ಕೆ 4, ಊರುಗಳ ನಡುವೆ ವಾರಕ್ಕೆ 2 ಪ್ರಯಾಣಗಳ ಮಿತಿ ಹಾಕಿತು. ಆಸನ ಹಂಚುವವನು ಎಲ್ಲಿ ಬಾಡಿಗೆ ಚಾಲಕನಾಗುತ್ತಾನೆ ಎಂಬ ಪ್ರಶ್ನೆಗೆ ಕಾನೂನು ಅಂಕಿಗಳಲ್ಲಿ ಉತ್ತರ ಹುಡುಕಿತ್ತು.

ಬೆಂಗಳೂರಿನಲ್ಲಿ ಒಬ್ಬೊಬ್ಬರೇ ಕಾರಿನಲ್ಲಿ ಕಚೇರಿಗೆ ಹೋಗುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿರಬಹುದು. ಯುದ್ಧವಾಗಲಿ ತೈಲದ ಅಭಾವವಾಗಲಿ ಒತ್ತಾಯಿಸುವ ಮೊದಲೇ ಪಕ್ಕದ ಆಸನವನ್ನು ತುಂಬಿಸಿಕೊಳ್ಳುವ ಸಾಧನ ಈಗ ನಿಮ್ಮ ಜೇಬಿನಲ್ಲಿದೆ. ಬಾಗಿಲು ತೆರೆಯುವ ಕೆಲಸವನ್ನು ಮಾತ್ರ ನೀವೇ ಮಾಡಬೇಕು.